ಫಿಟ್ಸ್ ನಿಂತ ಮೇಲಿನ ವರ್ಷಗಳು

ಹುಟ್ಟಿ ಮೂರ್ನಾಲ್ಕು ದಿನದ ಕೂಸು ಹಾಲು ಬಿಟ್ಟು ಮಂಕಾಗುತ್ತದೆ. ಸುಮ್ಮನೆ ಬಾಯಿ ಚಪ್ಪರಿಸುತ್ತದೆ, ಸೈಕಲ್ ತುಳಿದ ಹಾಗೆ ಕಾಲಾಡಿಸುತ್ತದೆ, ದೃಷ್ಟಿ ಒಂದೇ ಕಡೆ ನೆಡುತ್ತದೆ. ಅದು ಫಿಟ್ಸ್ ಇರಬಹುದೆಂದು ಮನೆಯವರಿಗೆ ಹೊಳೆಯುವುದೇ ಕಷ್ಟ. ಬೆಳಗಾವಿಯ ಹಿಂದವಾಡಿಯಲ್ಲಾದರೆ ಆಟೊ ಹತ್ತಿ ಬೇಗ ಆಸ್ಪತ್ರೆ ಸೇರಬಹುದು. ಖಾನಾಪುರದ ಭೀಮಗಡ ಕಾಡಿನೊಳಗಿನ ಗವಾಳಿ, ಆಮಗಾಂವಗಳಲ್ಲಿ ಮಳೆಗಾಲದಲ್ಲಿ ರಸ್ತೆ ಮುಟ್ಟುವುದೇ ಒಂದು ಸಾಹಸ.

ಇಂಥ ಕೆಲವು ಶಿಶುಗಳಿಗೆ ಆಗಿರುವುದು ಮಿದುಳಿನ ಪಾರ್ಶ್ವವಾಯು. ಮಿದುಳಿನಿಂದ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೊರಹೋಗಬೇಕಾದ ರಕ್ತ ಒಳಗೇ ಒತ್ತರಿಸಿ ಬಾವು ಬರುತ್ತದೆ, ಕೆಲವೊಮ್ಮೆ ರಕ್ತಸ್ರಾವವೂ ಆಗುತ್ತದೆ. ಕಷ್ಟದ ಹೆರಿಗೆ, ಸೋಂಕು, ಹಾಲು ಸಾಲದೆ ಮೈಯ ನೀರಿನಂಶ ಕುಸಿಯುವುದು ಇದಕ್ಕೆ ದಾರಿ ಮಾಡಬಲ್ಲವು. ಕಾಯಿಲೆ ಅಪರೂಪದ್ದು. 2001ರಲ್ಲಿ ಪ್ರಕಟವಾದ ಕೆನಡಾದ ದಾಖಲೆಯಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ 0.67 ಪ್ರಕರಣ, ಅದರಲ್ಲಿ ನವಜಾತ ಶಿಶುಗಳದೇ ದೊಡ್ಡ ಪಾಲು.

ಫಿಟ್ಸ್ ನಿಂತು ಕೂಸು ಮನೆಗೆ ಬಂದರೆ ಎಲ್ಲರಿಗೂ ನಿಟ್ಟುಸಿರು. ಎಷ್ಟೋ ಮಕ್ಕಳು ಮುಂದೆ ಚೆನ್ನಾಗಿಯೇ ಬೆಳೆಯುತ್ತಾರೆ. ಇನ್ನು ಕೆಲವರಲ್ಲಿ ಒಂದು ಬದಿಯ ಕೈಕಾಲು ಬಿಗಿಯಾಗುತ್ತದೆ, ಮಾತು ತಡವಾಗುತ್ತದೆ, ವರ್ಷಗಳ ನಂತರ ಅಪಸ್ಮಾರ ಮರಳುತ್ತದೆ. ಏಕಾಗ್ರತೆ, ಲೆಕ್ಕಗಳಲ್ಲಿನ ತೊಡಕು ಶಾಲೆಗೆ ಹೋದ ಮೇಲಷ್ಟೇ ಕಾಣುತ್ತದೆ. ಏಕೆಂದರೆ ಪೆಟ್ಟು ತಿಂದ ಭಾಗಕ್ಕೆ ಅಲ್ಲಿಯವರೆಗೆ ಕೆಲಸವೇ ಬಿದ್ದಿರುವುದಿಲ್ಲ.

ಎಣ್ಣೆ ಹಚ್ಚಿ ಎರೆಯುವ ಅಜ್ಜಿಗೆ ಕೈಕಾಲಿನ ಬಿಗಿತದ ಮೊದಲ ಸುಳಿವು ಸಿಗಬಹುದು: ಐದಾರು ತಿಂಗಳಾದರೂ ಒಂದು ಕೈ ಮಾತ್ರ ಮುಷ್ಟಿಯಲ್ಲೇ ಇರುತ್ತದೆ, ಹೆಬ್ಬೆರಳು ಒಳಗೆ ಮಡಚಿರುತ್ತದೆ, ಗಿಲಕಿ ಕೊಟ್ಟರೆ ಸದಾ ಇನ್ನೊಂದೇ ಕೈ ಮುಂದೆ ಬರುತ್ತದೆ. 'ಎಡಚ ಆಗ್ತಾನ ಬಿಡ್ರಿ', 'ಅವರಪ್ಪನೂ ತಡಾ ಮಾಡೇ ನಡದಿದ್ದ' ಎಂಬ ಸಮಾಧಾನ ಇಲ್ಲಿ ಸಲ್ಲದು. ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ನೆಚ್ಚುವ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ಭರವಸೆ ಇಡಲು ಬೆಳಗಾವಿಯಲ್ಲೇ ಒಂದು ಆಧಾರವಿದೆ. ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಭಾಗವಹಿಸಿದ 'ಬ್ರೇನ್-ಹಿಟ್' ಅಧ್ಯಯನ ಭಾರತ, ಪಾಕಿಸ್ತಾನ, ಜಾಂಬಿಯಾಗಳ ಹಳ್ಳಿಗಳಲ್ಲಿ ನಡೆಯಿತು. ಅದು ಹುಟ್ಟುವಾಗ ಉಸಿರುಗಟ್ಟಿದ್ದ ಮಕ್ಕಳ ಕುರಿತದ್ದು, ಅಭಿಧಮನಿಯ ಪಾರ್ಶ್ವವಾಯುವಿನ ಕುರಿತದ್ದಲ್ಲ. ಆದರೂ ಅದರ ಪಾಠ ಇಲ್ಲಿಗೂ ಬೇಕು. ತರಬೇತಾದವರು ಎರಡು ವಾರಕ್ಕೊಮ್ಮೆ ಮನೆಗೇ ಹೋಗಿ, ವಯಸ್ಸಿಗೆ ತಕ್ಕಂತೆ ಮಗುವನ್ನು ಆಡಿಸುವ ಬಗೆಯನ್ನು ಹೆತ್ತವರಿಗೆ ಕಲಿಸಿದರು. ಹೀಗೆ ಆಡಿಸುವುದನ್ನು ಕಲಿಸದ ಮನೆಗಳ ಮಕ್ಕಳಿಗೆ ಹೋಲಿಸಿದರೆ 12 ಮತ್ತು 24 ತಿಂಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. 36ನೇ ತಿಂಗಳಲ್ಲಿ ಕಂಡಿತು: ಬೌದ್ಧಿಕ ಬೆಳವಣಿಗೆಯ ಸರಾಸರಿ ಅಂಕ ಈ ಮಕ್ಕಳದು ಸುಮಾರು 103, ಉಳಿದವರದು 98. ಎರಡನೇ ವರ್ಷಕ್ಕೇ ಕೈಚೆಲ್ಲಿದ್ದರೆ ಈ ಫಲ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಮ್ಮಲ್ಲಿ ತಪಾಸಣೆಯ ಎಳೆ ಕಡಿಯುವುದು ಹೆಚ್ಚಾಗಿ ಬಾಣಂತನ ಮುಗಿದಾಗ. ತವರಲ್ಲಿ ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಬಂದು ನೋಡಿರುತ್ತಾಳೆ. ತಾಯಿ ಗಂಡನ ಮನೆಗೆ ಹೊರಟಾಗ ಆಸ್ಪತ್ರೆಯ ಫೈಲು ತವರಿನ ಟ್ರಂಕಿನಲ್ಲೇ ಉಳಿಯುತ್ತದೆ. ಹೊಸ ಊರಿನ ಆಶಾಗೆ ಕೂಸಿನ ಹಿಂದಿನ ಕಥೆಯೇ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಏನಾಗಿತ್ತು, ಮುಂದೆ ಯಾವಾಗ ಬರಬೇಕು ಎಂಬ ನಾಲ್ಕು ಸಾಲು ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಎಷ್ಟೋ ಅನುಕೂಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆಗಾಗಿಯೇ ಇರುವುದು. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕೆಂಬುದು ನಿಯಮ. ಮಗು ಚೆನ್ನಾಗಿ ಓಡಾಡುತ್ತಿದ್ದರೂ ಆ ಹಳೆಯ ಫೈಲನ್ನು ತಂಡದ ವೈದ್ಯರ ಕೈಗೆ ಕೊಟ್ಟು, ಮಾತು, ಕಲಿಕೆ, ದೃಷ್ಟಿ, ಶ್ರವಣ ಎಲ್ಲವನ್ನೂ ಮತ್ತೊಮ್ಮೆ ನೋಡಿ ಎಂದು ಕೇಳಿ.