ಲಂಡನ್ ಕಛೇರಿ, ಮೈಸೂರಿನ ಜಾಮೀನು, ನಮ್ಮೂರ ಗಣೆ

ಆರ್ಕೆಸ್ಟ್ರಾ ಅಂದ್ರೆ ನಮಗೆ ನೆನಪಾಗೋದು ಗಣೇಶನ ಹಬ್ಬದ ಸ್ಟೇಜು, ಕೀಬೋರ್ಡು, ಸಿನಿಮಾ ಹಾಡು. ಪಾಶ್ಚಾತ್ಯ ಆರ್ಕೆಸ್ಟ್ರಾ ಬೇರೆ: ಸುಮಾರು 80 ಜನ, ಪಿಟೀಲು, ಕೊಳಲು, ಕಹಳೆ, ನಗಾರಿ, ಎಲ್ಲರಿಗೂ ಒಬ್ಬ ನಿರ್ದೇಶಕ. ಮೈಕ್ ಇಲ್ಲ. ಅಂಥ ಕಛೇರಿಯ ಪಟ್ಟಿ ಹೇಗೆ ತಯಾರಾಗುತ್ತೆ? ಉದಾಹರಣೆಗೆ ನಮ್ಮ ರಾಜರ ಹೆಸರಿರೋ ಕಛೇರಿಯನ್ನೇ ನೋಡೋಣ.

1950ರ ಮೇ 22, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ನಿರ್ದೇಶಕ ಫುರ್ಟ್‌ವೆಂಗ್ಲರ್, ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಖರ್ಚಿಗೆ ಜಾಮೀನು ನಿಂತವರು ಜಯಚಾಮರಾಜ ಒಡೆಯರ್. ನಮ್ಮ ಚಿತ್ರದುರ್ಗವೂ ಸೇರಿದ್ದ ಮೈಸೂರಿನ ಮಹಾರಾಜರು. ಅವರು ಅಲ್ಲಿಗೆ ಹೋಗಲಾಗಲಿಲ್ಲ. ಧ್ವನಿಮುದ್ರಣ ಮೈಸೂರಿಗೆ ಬರಬೇಕಿತ್ತು.

ಪಟ್ಟಿಯಲ್ಲಿ ಒಂದು ಕಡೆ ವಾಗ್ನರ್. ಉತ್ತರ ಯುರೋಪಿನ ಹಳೇ ವೀರಗಾಥೆಗಳಿಂದ ಹುಟ್ಟಿದ ಸಂಗೀತ. ಕೊನೇ ದೃಶ್ಯದಲ್ಲಿ ಬ್ರೂನ್‌ಹಿಲ್ಡೆ ಕುದುರೆ ಸಮೇತ ಚಿತೆಗೆ ನುಗ್ಗುತ್ತಾಳೆ, ರೈನ್ ನದಿ ಉಕ್ಕುತ್ತೆ. ಕಛೇರಿಯಲ್ಲಿ ಬೆಂಕಿಯೂ ಇಲ್ಲ, ನೀರೂ ಇಲ್ಲ. ವಾದ್ಯಗಳೇ ಎರಡನ್ನೂ ಕಾಣಿಸಬೇಕು.

ಇನ್ನೊಂದು ಕಡೆ ರಿಚರ್ಡ್ ಸ್ಟ್ರಾಸ್ ಇಳಿವಯಸ್ಸಿನಲ್ಲಿ, 1948ರಲ್ಲಿ ಬರೆದ ನಾಲ್ಕು ಶಾಂತ ಹಾಡುಗಳು. ಅವತ್ತೇ ಅವುಗಳ ಮೊದಲ ಪ್ರದರ್ಶನ. ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಕೊನೇ ಹಾಡಲ್ಲಿ ಮುಸ್ಸಂಜೆ, ದಣಿದ ಜೋಡಿ, ಮೇಲೇರುವ ಎರಡು ಹಕ್ಕಿ. ಆ ಹಕ್ಕಿಗಳ ದನಿ ಕೊಳಲಿನದು.

ಎರಡನ್ನೂ ಯಾಕೆ ಒಟ್ಟಿಗೆ ಇಡಬೇಕು? ಯಾಕಂದ್ರೆ ಕಿವಿ ಗುರುತಿಸೋದು ವ್ಯತ್ಯಾಸವನ್ನ. ಉದ್ದಕ್ಕೂ ಅಬ್ಬರವೇ ಇದ್ದರೆ ಅಬ್ಬರವೂ ಸಪ್ಪೆ. ಎಲೆಕ್ಟ್ರಾನಿಕ್ಸ್‌ನವರು ಡೈನಾಮಿಕ್ ರೇಂಜ್ ಅಂತಾರಲ್ಲ, ಅತಿ ಮೆಲುದನಿಗೂ ಅತಿ ಜೋರಿಗೂ ಇರೋ ಅಂತರ, ಅದೇ ಇಲ್ಲೂ ಬಂಡವಾಳ. ಅವತ್ತಿನ ಮುದ್ರಣ ಈಗಲೂ ಕೇಳಸಿಗುತ್ತೆ. ಕೇಳಿ ನೋಡಿ: ಪ್ಲೇಟಿನ ಕರಕರ ಸದ್ದಿಗೆ ಮೊದಲು ಬಲಿಯಾಗೋದು ಮೆಲುದನಿಯೇ.

ಈಗ ನಮ್ಮ ಕಡೆಗೆ ಬರೋಣ. ಧರ್ಮಪುರ ಇರೋ ಹಿರಿಯೂರು ಸೀಮೆಯ ಕಾಡುಗೊಲ್ಲರಿಗೆ ಜುಂಜಪ್ಪನ ಕಾವ್ಯವಿದೆ. ಅದರ ಜೊತೆ ನುಡಿಸೋದು ಗಣೆ, ಉದ್ದನೆಯ ಬಿದಿರಿನ ಕೊಳಲು. ಮೆಲ್ಲನೆ ದನಿ. ನಮ್ಮ ಫೆಸ್ಟಿನಲ್ಲಿ ಡಿಜೆ ನಡುವೆ ಐದು ನಿಮಿಷ ತುರುಕಿದರೆ ಅದು ಕೇಳಿಸೋದೇ ಇಲ್ಲ. ಆಮೇಲೆ ‘ಜನಪದ ಬೋರು’ ಅಂತೀವಿ. ತಪ್ಪು ಗಣೆಯದ್ದಲ್ಲ, ನಮ್ಮ ಪಟ್ಟಿಯದ್ದು.

ದೂರದೂರಿನ ಸಂಗೀತ ಕೇಳೋಕೆ ನಮ್ಮ ರಾಜರು ಜಾಮೀನು ನಿಂತರು. ಪಕ್ಕದ ಹಟ್ಟಿಯ ಗಾಥೆಗೆ ನಾವು ಕೊಡಬೇಕಾದ್ದು ಇಷ್ಟೇ: ಸ್ಪೀಕರ್ ಆರಿಸಿ, ಅರ್ಧ ಗಂಟೆ.