ಕಾಗದದ ಮಕ್ಕಳು: ಅಮೆರಿಕದ ಚೀನೀ ವಲಸೆಯೂ ಜನಾಭಿಪ್ರಾಯವೂ

ಅಧಿಕೃತ ಪತ್ರಗಳಿಲ್ಲದೆ ಪರದೇಶದಲ್ಲಿ ನೆಲೆಸಿದವರನ್ನು ಜನರು ಸಂದೇಹದಿಂದ ನೋಡುವುದು ಸಹಜವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಪತ್ರಗಳಿಲ್ಲದುದರಿಂದ ಸಂದೇಹ ಹುಟ್ಟುತ್ತದೆಯೋ, ಸಂದೇಹದಿಂದಲೇ ಪತ್ರಗಳ ಕಟ್ಟಳೆ ಹುಟ್ಟುತ್ತದೆಯೋ? ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಚೀನೀಯರು ವಲಸೆ ಹೋದ ಇತಿಹಾಸದ ಆಧಾರದಿಂದ ಈ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆತ ತರುವಾಯ ದಕ್ಷಿಣ ಚೀನದಿಂದ ಸಹಸ್ರಾರು ಮಂದಿ ಅಲ್ಲಿಗೆ ಹೋದರು. 1869ರಲ್ಲಿ ಪೂರ್ಣಗೊಂಡ, ಅಮೆರಿಕವನ್ನು ಅಡ್ಡಹಾಯುವ ರೈಲುಮಾರ್ಗದ ಪಶ್ಚಿಮ ಭಾಗವನ್ನು ಕಟ್ಟಿದವರಲ್ಲಿ ಅವರೇ ಬಹುಸಂಖ್ಯಾತರು. ಆಗ ಅವರ ದುಡಿಮೆ ಬೇಕಾಗಿತ್ತು. 1873ರ ಆರ್ಥಿಕ ಮುಗ್ಗಟ್ಟಿನಿಂದ ನಿರುದ್ಯೋಗವು ಹೆಚ್ಚಲು, ಕಡಮೆ ಕೂಲಿಗೆ ದುಡಿಯುವ ಚೀನೀಯರೇ ಸಂಕಷ್ಟಕ್ಕೆ ಕಾರಣರೆಂಬ ಕೂಗೆದ್ದಿತು. 1877ರಲ್ಲಿ ಕ್ಯಾಲಿಫೋರ್ನಿಯದ ಕಾರ್ಮಿಕರ ಪಕ್ಷವು ಅವರನ್ನು ಹೊರಗಟ್ಟಬೇಕೆಂದು ಚಳವಳಿ ಹೂಡಿತು. ಅದರ ಮುಂದಾಳು ಡೆನಿಸ್ ಕಿಯರ್ನಿ ತಾನೂ ಐರ್ಲೆಂಡಿನಿಂದ ಬಂದ ವಲಸೆಗಾರನೇ ಎಂಬುದು ಗಮನಾರ್ಹ.

1882ರ ಶಾಸನವು ಚೀನೀ ಕೂಲಿಗಾರರ ಪ್ರವೇಶವನ್ನು ಹತ್ತು ವರ್ಷಗಳ ಕಾಲ ನಿಷೇಧಿಸಿತು. ವರ್ತಕರು, ಅಧ್ಯಾಪಕರು, ವಿದ್ಯಾರ್ಥಿಗಳು ಇದಕ್ಕೆ ಹೊರತಾಗಿದ್ದರು. 1892ರ ಗಿಯರಿ ಶಾಸನವು ನಿಷೇಧವನ್ನು ಮುಂದುವರಿಸಿದುದಲ್ಲದೆ, ಆಗಲೇ ನೆಲೆಸಿದ್ದ ಕೂಲಿಗಾರರೂ ನಿವಾಸಪತ್ರವನ್ನು ಪಡೆಯತಕ್ಕದ್ದೆಂದು ವಿಧಿಸಿತು. ಅದನ್ನು ತೋರಿಸಲಾರದವರು ಗಡೀಪಾರಿಗೆ ಗುರಿಯಾದರು. ಹಲವು ವರ್ಷಗಳಿಂದ ಅಲ್ಲಿ ಬಾಳಿದ್ದವರೂ ಈ ಬಗೆಯಾಗಿ 'ಪತ್ರವಿಲ್ಲದವರು' ಎನಿಸುವಂತಾಯಿತು.

1906ರ ಏಪ್ರಿಲ್ 18ರ ಭೂಕಂಪದಲ್ಲಿಯೂ ಅದನ್ನು ಹಿಂಬಾಲಿಸಿದ ಬೆಂಕಿಯಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ನಾಶವಾದುವು. ತಾವು ಅಲ್ಲಿಯೇ ಹುಟ್ಟಿದ ಪೌರರೆಂದು ಅನೇಕರು ಹೇಳಿಕೊಂಡಾಗ ಅದನ್ನು ಅಲ್ಲಗಳೆಯುವುದು ಕಷ್ಟವಾಯಿತು. ಪೌರರ ಮಕ್ಕಳಿಗೆ ಪ್ರವೇಶವಿದ್ದುದರಿಂದ, ಇಲ್ಲದ ಪುತ್ರರ ಹೆಸರನ್ನು ಬರೆಯಿಸಿ, ಆ ಹೆಸರನ್ನು ಅನ್ಯರಿಗೆ ಮಾರುವ ಪದ್ಧತಿ ಬೆಳೆಯಿತು. ಹೀಗೆ ಬಂದವರೇ 'ಕಾಗದದ ಮಕ್ಕಳು'. 1910ರಿಂದ 1940ರವರೆಗೆ ಏಂಜಲ್ ದ್ವೀಪದ ವಲಸೆ ಠಾಣೆಯಲ್ಲಿ ಅಧಿಕಾರಿಗಳು ಹುಟ್ಟೂರಿನ ಮನೆಗಳ ಸಾಲು, ಬಾವಿ, ಬಂಧುಗಳು ಇವುಗಳನ್ನು ಕುರಿತು ಸೂಕ್ಷ್ಮವಾಗಿ ಪ್ರಶ್ನಿಸುತ್ತಿದ್ದರು. ನಿಜವಾದ ಮಕ್ಕಳೂ ಉತ್ತರಗಳನ್ನು ಕಂಠಪಾಠ ಮಾಡಿಕೊಳ್ಳಬೇಕಾಯಿತು. ಸಂದೇಹವು ಶಾಸನವನ್ನೂ, ಶಾಸನವು ಸುಳ್ಳು ಪತ್ರವನ್ನೂ ಹುಟ್ಟಿಸಿತು. ಸುಳ್ಳು ಪತ್ರವು ಮೊದಲಿನ ಸಂದೇಹಕ್ಕೆ ಸಮರ್ಥನೆಯಾಯಿತು.

ಎರಡನೆಯ ಮಹಾಯುದ್ಧದಲ್ಲಿ ಚೀನವು ಮಿತ್ರರಾಷ್ಟ್ರವಾದುದರಿಂದ 1943ರಲ್ಲಿ ನಿಷೇಧ ರದ್ದಾಯಿತು. ಆದರೂ ವಾರ್ಷಿಕ ಮಿತಿ ಕೇವಲ 105. 1917ರ ಶಾಸನದಿಂದ ಹೊರಗುಳಿದಿದ್ದ ಭಾರತೀಯರಿಗೂ 1946ರಲ್ಲಿ ವರ್ಷಕ್ಕೆ 100 ಮಂದಿಯಂತೆ ಅವಕಾಶ ದೊರೆಯಿತು. ವಲಸೆಗಾರರ ಗುಣವು ಇಷ್ಟರಲ್ಲಿ ಬದಲಾಗಿರಲಿಲ್ಲ. ಬದಲಾದುದು ರಾಷ್ಟ್ರದ ಪ್ರಯೋಜನ. 1956ರಲ್ಲಿ ಸರ್ಕಾರವು ನಿಜವನ್ನು ಒಪ್ಪಿಕೊಳ್ಳುವಂತೆ ಕಾಗದದ ಮಕ್ಕಳಿಗೆ ಅವಕಾಶವಿತ್ತಿತು. ಆದರೆ ಒಬ್ಬನ ಒಪ್ಪಿಗೆಯಿಂದ ಬಂಧುಗಳೆಲ್ಲರ ಗುಟ್ಟು ಹೊರಬೀಳುವ ಭಯವಿದ್ದಿತು. ಅನೇಕ ಕುಟುಂಬಗಳಲ್ಲಿ ಕೊಂಡ ಮನೆತನದ ಹೆಸರೇ ಮುಂದಿನ ಪೀಳಿಗೆಗೂ ಉಳಿಯಿತು.

ಇಂಥ ದಾಖಲೆಗಳನ್ನು ಆಧಾರವಾಗಿ ಬಳಸುವ ವಿದ್ಯಾರ್ಥಿಯು ಅವು ಸತ್ಯವೋ ಸುಳ್ಳೋ ಎಂದು ವಿಚಾರಿಸಿದರೆ ಸಾಲದು. ಅವನ್ನು ಯಾರು, ಯಾವ ಸನ್ನಿವೇಶದಲ್ಲಿ, ಯಾರಿಂದ ಮಾತ್ರ ಕೇಳಿದರೆಂಬುದನ್ನೂ ವಿಚಾರಿಸಬೇಕೆಂದು ನಮ್ಮ ಅಭಿಪ್ರಾಯ.