ಅರಸ ಹೋದರೆ ತಾವೂ ಹೋಗುವವರು

ಕುದುರೆಗಳು, ಬರೀ ಕುದುರೆಗಳು! ಗದುಗಿನ ತ್ರಿಕೂಟೇಶ್ವರ ಗುಡಿಯ 1192ರ ಶಾಸನದ ತಿರುಳು ತಿಳಿದರೆ ಎದೆ ಹೊಡೆದುಕೊಳ್ಳುತ್ತದೆ. ಎದುರಿಗೆ ನಿಂತವನು ದಂಡನಾಯಕ ಬ್ರಹ್ಮ. ಕೋರೆಯಿಲ್ಲದ ಒಂದೇ ಆನೆಯಿಂದ ಅರವತ್ತು ಕೋರೆಯಾನೆಗಳನ್ನು ಗೆದ್ದವನೆಂಬ ಹೆಸರು ಅವನಿಗೆ. ಅವನ ಆನೆಪಡೆಯನ್ನು ಹೊಯ್ಸಳ ಇಮ್ಮಡಿ ವೀರಬಲ್ಲಾಳ ಕುದುರೆಪಡೆಯೊಂದರಿಂದಲೇ ಮಣಿಸಿಬಿಟ್ಟನಂತೆ! ಶಾಸನಕವಿ ತುಸು ಉಬ್ಬಿಸಿರಬಹುದು, ಉಬ್ಬಿಸಲಿ ಬಿಡಿ. ಈ ಶಾಸನದ ಹೊತ್ತಿಗೆ ಬಲ್ಲಾಳ ಬೀಡುಬಿಟ್ಟಿದ್ದು ಎಲ್ಲಿ? ಲೊಕ್ಕಿಗುಂಡಿಯಲ್ಲಿ, ಅಂದರೆ ನಮ್ಮ ಲಕ್ಕುಂಡಿಯಲ್ಲಿ!

ಗದಗದಿಂದ ಕೊಪ್ಪಳದ ಕಡೆಗೆ ಹೋಗುವ ಬಸ್ಸಿನಲ್ಲಿ ಬಂದು ಕಾಶಿವಿಶ್ವನಾಥನ ಬಾಗಿಲ ಕುಸುರಿ, ಮುಸುಕಿನ ಬಾವಿಯ ಮೆಟ್ಟಿಲು ನೋಡಿ ಹೋಗುವವರಿಗೆ ಇದು ದಂಡಿನ ನೆಲೆಯಾಗಿತ್ತೆಂದರೆ ನಂಬಿಕೆ ಬರುವುದು ಕಷ್ಟ. ಹತ್ತಿರದ ಸೊರಟೂರಿನಲ್ಲಿ ಸೇವುಣರ ಭಿಲ್ಲಮನ ಸೇನೆಯನ್ನು ಮುರಿದ ಮೇಲೆ ಬಲ್ಲಾಳ ಇಲ್ಲಿಂದಲೇ ಆಳಿದ. ಅರಸ ಇಲ್ಲಿದ್ದ ಮೇಲೆ ಅವನ ಗರುಡರೂ ಇಲ್ಲಿರಲೇಬೇಕಲ್ಲ!

ಗರುಡರು ಎಂಥವರು ಗೊತ್ತೇ? ಸಾವಿರಾರು ಕಾಲಾಳುಗಳ ನಡುವೆ ಆಯ್ದ ಕೆಲವರು. ಅರಸನ ಜೀವಕ್ಕೆ ತಮ್ಮ ಜೀವವನ್ನು ಕಟ್ಟಿ ಆಣೆಯಿಟ್ಟವರು. ಅವನ ಕಾಲ ಮುಗಿದ ದಿನ ತಮ್ಮದೂ ಮುಗಿಯಬೇಕು. ಅದು ಯುದ್ಧದ ಕಣದಲ್ಲೇ ಆಗಬೇಕೆಂದೇನಿಲ್ಲ, ಅರಸ ಹಾಸಿಗೆಯಲ್ಲಿ ಸತ್ತರೂ ಅಷ್ಟೇ! ಬಲ್ಲಾಳ 1220ರಲ್ಲಿ ತೀರಿಕೊಂಡ. ಅವನ ದಂಡೇಶ ಕುವರ ಲಕ್ಷ್ಮ, ಲಕ್ಷ್ಮನ ಮಡದಿ, ಜೊತೆಯ ವೀರರು ಮಾತು ಉಳಿಸಿಕೊಂಡರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದ ಕಂಬದ ಮೇಲೆ ಅದು ಇಂದಿಗೂ ಇದೆ: ಕತ್ತಿ ಹಿಡಿದ ಪುಟ್ಟ ಪುಟ್ಟ ಗಂಡಾಳುಗಳು, ಒಬ್ಬ ತನ್ನ ತಲೆಯನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದಾನೆ! ಲಕ್ಷ್ಮನ ಎಡಗಾಲಿನ ತೊಡರು ಅವನ ಆಣೆಯ ಗುರುತು.

ಇದು ಹುಚ್ಚು ಅನ್ನಿಸುತ್ತದೆ. ನನಗೂ ಮೈ ಜುಮ್ಮೆನ್ನುತ್ತದೆ, ಆ ಮಡದಿಯನ್ನು ನೆನೆದರೆ ಸಂಕಟವೂ ಆಗುತ್ತದೆ. ಆದರೆ ಇದರ ಒಳಗಿನ ಲೆಕ್ಕ ನೋಡಿ! ಕಾವಲುಗಾರನನ್ನು ಕೊಂಡುಕೊಂಡರೆ ಅರಸನ ಕಥೆ ಮುಗಿಯಿತು, ಇದು ಎಲ್ಲ ಕಾಲದ ಭಯ. ಗರುಡನನ್ನು ಕೊಳ್ಳುವುದು ಹೇಗೆ? ಲೊಕ್ಕಿಗುಂಡಿಯ ಟಂಕಸಾಲೆಯಲ್ಲಿ ಅಚ್ಚಾದ ಲೊಕ್ಕಿ ಗದ್ಯಾಣಗಳನ್ನೆಲ್ಲ ತಂದು ಸುರಿದರೂ ಉಪಯೋಗವಿಲ್ಲ. ಅರಸ ಸತ್ತ ಮರುಗಳಿಗೆ ಆ ಹೊನ್ನನ್ನು ಎಣಿಸಲು ಅವನೇ ಇರುವುದಿಲ್ಲವಲ್ಲ!

ಇಂದಿನ ವಿಶೇಷ ಪಡೆಗಳ ರೀತಿಯೇ ಬೇರೆ. ಬೆಳಗಾವಿಯಲ್ಲಿ ಕಮಾಂಡೋ ತರಬೇತಿ, ಬೆಂಗಳೂರಿನಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ. ವಾಯುಪಡೆ 2004ರಲ್ಲಿ ಕಟ್ಟಿದ ಕಮಾಂಡೋ ಪಡೆಗೆ ಹೆಸರು ‘ಗರುಡ್’. ಸಣ್ಣ ತಂಡ, ಕಠಿಣ ಆಯ್ಕೆ, ಎದೆಗಾರಿಕೆ, ಇಷ್ಟು ಎರಡು ಕಾಲಕ್ಕೂ ಸಮ. ಆದರೆ ಇಂದಿನ ಕಮಾಂಡೋಗೆ ಕಲಿಸುವುದು ಕೆಲಸ ಮುಗಿಸಿ ಜೀವಂತ ಹಿಂತಿರುಗುವುದನ್ನು. ಅವನ ನಿಷ್ಠೆ ಒಬ್ಬ ಮನುಷ್ಯನಿಗಲ್ಲ, ದೇಶಕ್ಕೆ. ಅಧಿಕಾರದಲ್ಲಿದ್ದವರು ಬದಲಾದರೆ ಅವನು ಮರುದಿನ ಬೆಳಿಗ್ಗೆ ಎಂದಿನಂತೆ ಕವಾಯತಿಗೆ ಹಾಜರು!

ಕುವರ ಲಕ್ಷ್ಮನೇ ಕೊನೆಯವನೆಂದುಕೊಂಡರೆ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಹೋಗಿ. ಅಲ್ಲಿ ಕಂಬಗಳ ನೆತ್ತಿಯ ಮೇಲೆ ಕಲ್ಲಿನ ಆನೆಗಳು ನಿಂತಿವೆ, ಆನೆಗೆ ಎದುರಾಗಿ ಗರುಡ! ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ, ಒಬ್ಬ ಹೊಯ್ಸಳ ಅರಸನ ನಂತರ ಇನ್ನೊಬ್ಬನಿಗೆ, ಇದೇ ಆಣೆಯಿಟ್ಟು ಇದೇ ರೀತಿ ಹೋದರೆಂದು ಶಾಸನ ಹೇಳುತ್ತದೆ. ಅಪ್ಪ ಏನಾದನೆಂದು ಕಣ್ಣಾರೆ ಕಂಡ ಮಗನೇ ಮುಂದಿನ ಅರಸನ ಗರುಡನಾಗುತ್ತಿದ್ದ!